ಕತ್ತಲೆಯ ಮೇಲೆ ಹೊರಿಸಿದ ಅಪವಾದ

ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶಕ್ಕೆ ರಾತ್ರಿ ಬರುವುದೇ ಇಲ್ಲ. ಶೆಡ್ಡುಗಳ ಮೇಲಿನ ದೀಪಗಳು ಬೆಳಗಿನವರೆಗೂ ಉರಿಯುತ್ತವೆ. ಪಾಳಿ ಮುಗಿಸಿದವರು ಬಸ್ಸಿಳಿದು ತಮ್ಮ ಹಳ್ಳಿಯ ದಾರಿ ಹಿಡಿದಾಗಲೇ ಕತ್ತಲೆ ಎದುರಾಗುವುದು. ಹಾಗೆ ದಿನವೂ ನಡೆದು ಬರುವ ಹೆಣ್ಣುಮಗಳೊಬ್ಬರ ಮನೆಯಲ್ಲಿ ಒಂದು ಸಂಜೆ ಪ್ರಾರ್ಥನಾ ಕೂಟವಿತ್ತು; ನಾನೂ ಹೋಗಿದ್ದೆ. ಆ ಮನೆಯವರು ಎರಡು ಸಲ ಬೋರ್‌ವೆಲ್ ಕೊರೆಸಿದ್ದರು, ಎರಡು ಸಲವೂ ಬರೀ ಧೂಳೆದ್ದಿತ್ತು. ಸಾಲ ಹಾಗೇ ಉಳಿದಿತ್ತು. ಕಿರಿಯ ಮಗನ ಕಣ್ಣು ಮಂಜಾಗುತ್ತಾ ಬಂದಿತ್ತು. ಬೋಧಕರು ಬೈಬಲ್ ತೆರೆದು, ಹಳೆಯ ಒಡಂಬಡಿಕೆಯ ಪ್ರವಾದಿಗಳ ಮೇಲೆ ಬೆರಳಿಟ್ಟು ಹೇಳಿದರು: “ಅಮ್ಮಾ, ಈ ಮನೆಯೊಳಗೆ ಎಲ್ಲೋ ಕತ್ತಲೆ ಅಡಗಿದೆ. ಪಾಪ ಇದ್ದಲ್ಲಿ ಕತ್ತಲೆ, ಕತ್ತಲೆ ಇದ್ದಲ್ಲಿ ದೇವರ ತೀರ್ಪು. ಬೆಳಕಿಗೆ ಬನ್ನಿ.” ಆಕೆ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡರು. ಸುತ್ತ ಕೂತವರೆಲ್ಲ ತಲೆದೂಗಿದರು.

ಆ ತಲೆದೂಗುವಿಕೆಯ ವಿರುದ್ಧ ಈ ಲೇಖನ. ಬೋಧಕರೊಬ್ಬರ ಮಾತಾಗಿದ್ದರೆ ಅಲ್ಲೇ ಜಗಳವಾಡಿ ಮನೆಗೆ ಬರುತ್ತಿದ್ದೆ. ಆದರೆ ಅದು ಒಬ್ಬರ ಮಾತಲ್ಲ. ಬೆಳಕು ಎಂದರೆ ದೇವರ ಮೆಚ್ಚುಗೆ, ಕತ್ತಲೆ ಎಂದರೆ ದೇವರ ಸಿಟ್ಟು, ಸುಖವಾಗಿರುವವರು ಬೆಳಕಿನವರು, ನರಳುವವರು ಕತ್ತಲೆಯವರು ಎಂಬ ಪಾಠವನ್ನು ಭಾನುವಾರದ ಶಾಲೆಯ ಚಿತ್ರಪುಸ್ತಕದಿಂದ ಹಿಡಿದು ಸಾವಿನ ಮನೆಯ ಪ್ರಸಂಗದವರೆಗೆ ನಾವು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡಿದ್ದೇವೆ. ಇಬ್ರಿಯ ಧರ್ಮಗ್ರಂಥವೇ ಹಾಗೆ ಹೇಳುತ್ತದೆ ಎಂದು ಸಾಕ್ಷಿ ಬೇರೆ ಕೊಡುತ್ತೇವೆ. ಹೇಳುವುದಿಲ್ಲ. ನಾನು ಆ ಗ್ರಂಥವನ್ನು ಕನ್ನಡದಲ್ಲೇ ಓದುತ್ತಾ ಬೆಳೆದವನು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಸುಮಾರು ಇನ್ನೂರು ವರ್ಷಗಳಿಂದ ಪುಸ್ತಕ ನಮ್ಮ ಕೈಯಲ್ಲಿದೆ. ಇಷ್ಟು ಕಾಲ ಕೈಯಲ್ಲಿಟ್ಟುಕೊಂಡೂ ಅದರ ಪ್ರವಾದಿಗಳು ಯಾರ ಮೇಲೆ ಕತ್ತಲೆಯನ್ನು ಕರೆದರು ಎಂದು ಓದದಿದ್ದರೆ ತಪ್ಪು ಯಾರದು?

ಮೊದಲು ಆಮೋಸನನ್ನೇ ಕರೆಯೋಣ. ತೀರ್ಪಿನ ಕತ್ತಲೆಯ ಮಾತು ಬಂದಾಗಲೆಲ್ಲ ಬೋಧಕರು ಎತ್ತುವ ಹೆಸರು ಅವನದು. ಆಮೋಸ ಯಾರು? ತೆಕೋವದವನು. ಯೂದಾಯದ ಮಳೆ ಕಡಿಮೆಯ ಸೀಮೆಯಲ್ಲಿ ಕುರಿ ಕಾಯುತ್ತಿದ್ದವನು, ಅತ್ತಿಯ ಜಾತಿಯ ಮರಗಳ ಕಾಯನ್ನು ಹದಮಾಡಿ ಹೊಟ್ಟೆ ಹೊರೆಯುತ್ತಿದ್ದವನು. ಗೌರಿಬಿದನೂರಿನ ಗುಡ್ಡದ ಬುಡದಲ್ಲಿ ಕುರಿ ಮೇಯಿಸುವವರ ನಡುವೆ ನಿಲ್ಲಿಸಿದರೆ ಬೇರೆಯವನೆಂದು ಗೊತ್ತಾಗದಂಥವನು. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ, ಎರಡನೆಯ ಯಾರೊಬ್ಬಾಮನ ಕಾಲದಲ್ಲಿ, ಉತ್ತರದ ಇಸ್ರೇಲ್ ರಾಜ್ಯ ಹಣದಲ್ಲಿ ಮುಳುಗೇಳುತ್ತಿತ್ತು. ಸಮಾರ್ಯದ ಸಿರಿವಂತರಿಗೆ ಚಳಿಗೊಂದು ಮನೆ, ಬೇಸಿಗೆಗೊಂದು ಮನೆ. ಮಲಗಲು ದಂತ ಕೂರಿಸಿದ ಮಂಚ. ಅವರು ಬೇತೇಲಿನ ಗುಡಿಗೆ ತಪ್ಪದೆ ಕಾಣಿಕೆ ಒಯ್ಯುತ್ತಿದ್ದರು, ಹಾಡುತ್ತಿದ್ದರು, ಮತ್ತು ಯೆಹೋವನ ದಿನ ಬೇಗ ಬರಲಿ ಎಂದು ಹಾರೈಸುತ್ತಿದ್ದರು. ಆ ದಿನ ಶತ್ರುಗಳಿಗೆ ಕತ್ತಲೆ, ತಮಗೆ ಬೆಳಕು ಎಂದು ಅವರಿಗೆ ಖಾತ್ರಿಯಿತ್ತು.

ಅವರ ಎದುರಿಗೇ ನಿಂತು ಆಮೋಸ ಹೇಳಿದ್ದು, ಆ ದಿನ ನಿಮಗೂ ಕತ್ತಲೆಯೇ ಎಂದು. ಸಿಂಹದಿಂದ ತಪ್ಪಿಸಿಕೊಂಡು ಓಡಿದವನಿಗೆ ಕರಡಿ ಎದುರಾಯಿತು. ಅದರಿಂದಲೂ ಪಾರಾಗಿ ಮನೆ ಸೇರಿ ಗೋಡೆಗೆ ಕೈಯೂರಿದರೆ ಅಲ್ಲಿ ಹಾವು ಕಚ್ಚಿತು. ನಿಮ್ಮ ಪಾಡು ಹಾಗಾಗುತ್ತದೆ ಎಂದ. ಗಮನಿಸಬೇಕು: ಕತ್ತಲೆ ಬರುವುದು ನಂಬದವರ ಮೇಲಲ್ಲ, ಹೊರಗಿನವರ ಮೇಲಲ್ಲ, ಸಾಲಗಾರರ ಮೇಲಂತೂ ಅಲ್ಲವೇ ಅಲ್ಲ. ನಾವು ಬೆಳಕಿನವರು ಎಂದು ಗಟ್ಟಿಯಾಗಿ ನಂಬಿ ಕೂತಿದ್ದವರ ಮೇಲೆ. ಕುಡುಮಲಕುಂಟೆಯ ಆ ಮನೆಯಲ್ಲಿ ಆಮೋಸನ ಮಾತು ಯಾರಿಗೆ ತಾಗಬೇಕಿತ್ತು? ಧೂಳೆದ್ದ ಬೋರ್‌ವೆಲ್ಲಿನ ಒಡತಿಗೋ, ಆಕೆಯ ಮನೆಯಲ್ಲಿ ಕತ್ತಲೆ ಹುಡುಕಿದವರಿಗೋ?

ಅದೇ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ ಇನ್ನೂ ಕಟುವಾದ ಮಾತಿದೆ. ನಡುಮಧ್ಯಾಹ್ನ ಸೂರ್ಯ ಮುಳುಗುತ್ತಾನೆ, ಹಾಡಹಗಲೇ ನೆಲಕ್ಕೆ ಕತ್ತಲೆ ಕವಿಯುತ್ತದೆ. ಯಾವ ಅಪರಾಧಕ್ಕೆ? ಅಪರಾಧಪಟ್ಟಿ ಅದಕ್ಕೂ ಮುಂಚಿನ ಸಾಲುಗಳಲ್ಲೇ ಇದೆ. ಹಬ್ಬದ ದಿನ ಯಾವಾಗ ಮುಗಿದೀತು, ಧಾನ್ಯದ ಅಂಗಡಿ ಯಾವಾಗ ತೆರೆದೇವು ಎಂದು ಕಾಯುವುದು. ಅಳತೆಯ ಕೊಳಗವನ್ನು ಕಿರಿದು ಮಾಡುವುದು, ಬೆಲೆಗೆ ತೆಗೆದುಕೊಳ್ಳುವ ಬೆಳ್ಳಿಯ ತೂಕದ ಕಲ್ಲನ್ನು ಹಿರಿದು ಮಾಡುವುದು. ಮೋಸದ ತಕ್ಕಡಿ ಹಿಡಿಯುವುದು. ಕಾಳಿನ ಜೊತೆ ಹೊಟ್ಟನ್ನೂ ಮಾರುವುದು. ಒಂದು ಜೊತೆ ಕೆರದ ಬೆಲೆಗೆ ಬಡವನನ್ನೇ ಕೊಳ್ಳುವುದು. ಚಿಂತಾಮಣಿಗೆ ಟೊಮೇಟೊ ಹೊತ್ತು ಹೋದವರಿಗೆ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಹೊತ್ತು ಹೋದವರಿಗೆ ತಕ್ಕಡಿಯ ಮುಳ್ಳು ಒಂದು ಕೂದಲಷ್ಟು ಸರಿದರೂ ಮನೆಯಲ್ಲಿ ಏನಾಗುತ್ತದೆ ಎಂದು ಗೊತ್ತು. ಆಮೋಸನಿಗೂ ಗೊತ್ತಿತ್ತು. ಅವನ ಕತ್ತಲೆ ತಕ್ಕಡಿ ಹಿಡಿದ ಕೈಯ ಮೇಲೆ ಬೀಳುತ್ತದೆ. ಈ ಅಧ್ಯಾಯವನ್ನು ಮಾರುಕಟ್ಟೆಯ ಎದುರು ನಿಂತು ಓದಿದ ಬೋಧಕರನ್ನು ನಾನು ಇನ್ನೂ ಕಂಡಿಲ್ಲ. ಸಾಲದ ಮನೆಯಲ್ಲಿ ಓದಿದವರನ್ನು ಕಂಡಿದ್ದೇನೆ.

ಕ್ರಿ.ಪೂ. 763ರ ಜೂನ್ 15ರಂದು ಒಂದು ದೊಡ್ಡ ಸೂರ್ಯಗ್ರಹಣವಾಯಿತು. ಅಶ್ಶೂರರ ದಾಖಲೆಯಲ್ಲಿ ಅದರ ಉಲ್ಲೇಖವಿದೆ. ಆಮೋಸನ ನಡುಹಗಲ ಕತ್ತಲೆಯ ಹಿಂದೆ ಆ ನೆನಪಿರಬಹುದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇದ್ದರೂ ಅವನು ಗ್ರಹಣವನ್ನು ಕಂಡು ಗರ್ಭಿಣಿಯರನ್ನು ಹೆದರಿಸಲಿಲ್ಲ, ರೋಗಿಗಳನ್ನು ಶಪಿಸಲಿಲ್ಲ. ನಾವು ಮಾಡಿದ್ದೇನು? 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಊನ ವಾಸಿಯಾಗುತ್ತದೆಂಬ ನಂಬಿಕೆ. ಧರ್ಮ ಬೇರೆ ಇರಬಹುದು, ಊರು ಬೇರೆ ಇರಬಹುದು, ರೋಗ ಒಂದೇ: ಆಕಾಶದಲ್ಲಿ ಕತ್ತಲೆ ಕಂಡ ಕೂಡಲೇ ನಮ್ಮ ನಡುವಿನ ಅತಿ ದುರ್ಬಲರ ಮೈಮೇಲೆ ಅದರ ಲೆಕ್ಕ ಬರೆಯುವುದು. ನಮ್ಮ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನೇ ಕಟ್ಟಿದರು. ಅವರ ಮಣ್ಣಿನವರಾದ ನಮಗೆ ಒಂದು ಪ್ರಸಂಗವನ್ನು ಪರೀಕ್ಷಿಸುವ ಧೈರ್ಯವೂ ಬೇಡವೇ?

ಎರಡನೆಯ ಸಾಕ್ಷಿ ಮೀಕ. ಪಾಪಕ್ಕೂ ಕತ್ತಲೆಗೂ ನಂಟು ಹಾಕುವವರು ಮೀಕನ ಎರಡನೆಯ ಅಧ್ಯಾಯವನ್ನು ತೆರೆಯುವುದೇ ಇಲ್ಲ. ಹಾಸಿಗೆಯಲ್ಲಿ ಮಲಗಿ ಕೇಡು ಹೂಡುವವರನ್ನು ಅವನು ಹೆಸರಿಸುತ್ತಾನೆ. ಅವರು ಅದನ್ನು ನಡೆಸುವುದು ಯಾವಾಗ? ಬೆಳಗಾದ ಮೇಲೆ, ಬೆಳಕು ಹರಿದ ಮೇಲೆ. ಕಳ್ಳನ ಹಾಗೆ ರಾತ್ರಿ ಬರುವ ಅಗತ್ಯ ಅವರಿಗಿಲ್ಲ, ಏಕೆಂದರೆ ಅಧಿಕಾರ ಅವರ ಕೈಯಲ್ಲೇ ಇದೆ. ಹೊಲ ಬೇಕೆನಿಸಿದರೆ ಕಿತ್ತುಕೊಳ್ಳುತ್ತಾರೆ, ಮನೆ ಬೇಕೆನಿಸಿದರೆ ಕಸಿದುಕೊಳ್ಳುತ್ತಾರೆ. ದೊಡ್ಡ ಅನ್ಯಾಯಗಳಿಗೆ ಕತ್ತಲೆ ಬೇಕಿಲ್ಲ. ಅವು ಕಚೇರಿಯ ವೇಳೆಯಲ್ಲಿ, ಮೊಹರು ಒತ್ತಿದ ಕಾಗದದ ಮೇಲೆ ನಡೆಯುತ್ತವೆ. ಹಾಗಿದ್ದ ಮೇಲೆ ಬೆಳಕನ್ನು ಒಳ್ಳೆಯತನದ ಗುರುತೆಂದು ಕಣ್ಣು ಮುಚ್ಚಿ ನಂಬುವುದು ಹೇಗೆ?

ಇದಕ್ಕೆ ಯೂದಾಯದವರೆಗೆ ಹೋಗಬೇಕಾಗಿಲ್ಲ. ನಮ್ಮ ಗೌರಿಬಿದನೂರು ತಾಲೂಕಿನಲ್ಲೇ, ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು, ಸಭೆ ಸೇರಲು ಬಂದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಸತ್ತವರ ಸಂಖ್ಯೆಯನ್ನು ಕಡಿಮೆ ಮಾಡಿ ಹೇಳಿತು; ಜನರ ನೆನಪಿನಲ್ಲಿ ಉಳಿದ ಲೆಕ್ಕ 32. ನಡೆದದ್ದು ಹಾಡಹಗಲು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಸಾವಿರಾರು ಜನರ ಕಣ್ಣೆದುರು, ಸಭೆ ಸೇರಬಾರದೆಂಬ ಆಜ್ಞೆಯ ಬಲದಿಂದ. ಗಾಯಗೊಂಡವರು ತಪ್ಪಿಸಿಕೊಂಡು ಹಳ್ಳಿ ಸೇರಲು ಕಾದದ್ದು ಯಾವುದಕ್ಕೆ ಇದ್ದೀತು? ಕತ್ತಲೆಗೇ. ಆ ಸಂಜೆ ಆ ಸುತ್ತಿನ ತಾಯಂದಿರಿಗೆ ಬೆಳಕು ಆಪತ್ತಾಗಿತ್ತು, ಕತ್ತಲೆ ಆಸರೆಯಾಗಿತ್ತು ಎಂದರೆ ಅದರಲ್ಲಿ ಒಗಟೇನಿದೆ? ಮೀಕನಿಗೆ ಇದು ಅರ್ಥವಾಗುತ್ತಿತ್ತು. ವಿದುರಾಶ್ವತ್ಥದ ನೆರೆಯಲ್ಲೇ ಬದುಕುವ ನಮಗೆ ಅರ್ಥವಾಗದಿದ್ದರೆ ಅದು ನಾಚಿಕೆಗೇಡು.

ಈಗ ಬಿಸಿಲಿನ ವಿಷಯ. ನದಿಯೆಂದರೆ ಮಳೆಗಾಲದ ನೆನಪಷ್ಟೇ ಆಗಿರುವ ಸೀಮೆ ನಮ್ಮದು. ಕುಡುಮಲಕುಂಟೆ ಎಂಬ ಹೆಸರಿನಲ್ಲೇ ಒಂದು ಕುಂಟೆಯಿದೆ. ಮಳೆನೀರು ಹಿಡಿದಿಟ್ಟುಕೊಳ್ಳುವ ಹೊಂಡವೊಂದು ಊರಿನ ಹೆಸರಾಗಬೇಕಾದರೆ ಅಲ್ಲಿ ನೀರಿನ ಬೆಲೆ ಎಷ್ಟಿರಬೇಕು! ಇಂಥ ನೆಲದವರಿಗೆ ಆಕಾಶ ನಿರ್ಮಲವಾಗಿ ಹೊಳೆಯುವುದು ಹಬ್ಬವಲ್ಲ. ಜೂನ್ ಕಳೆದು ಜುಲೈ ಬಂದರೂ ಮೋಡವಿಲ್ಲದ ನೀಲಿ ಆಕಾಶ, ಬಿತ್ತಿದ ರಾಗಿ ಮೊಳಕೆಯಲ್ಲೇ ಸುಟ್ಟುಹೋಗುವುದು, ಜನ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುವುದು. ನಮ್ಮ ಪಾಲಿಗೆ ಶಿಕ್ಷೆಯ ಚಿತ್ರ ಅದು. ಇಬ್ರಿಯ ಗ್ರಂಥದಲ್ಲೂ ಅದೇ. ಧರ್ಮೋಪದೇಶಕಾಂಡ ಶಾಪಗಳನ್ನು ಎಣಿಸುವಾಗ ತಲೆಯ ಮೇಲಿನ ಆಕಾಶ ಲೋಹದಂತಾಗುವುದು, ಮಳೆಗೆ ಬದಲು ಧೂಳು ಸುರಿಯುವುದು ಆ ಪಟ್ಟಿಯಲ್ಲಿದೆ. ಪ್ರವಾದಿ ಯೋನನನ್ನು ಸಾಯುವಷ್ಟು ದಣಿಸಿದ್ದು ನಿನೆವೆಯ ಹೊರಗಿನ ಬಿಸಿಲು. ಮಲಾಕಿಯನಲ್ಲಿ ತೀರ್ಪಿನ ದಿನ ಒಲೆಯಂತೆ ಉರಿಯುತ್ತಾ ಬರುತ್ತದೆ. ಯೆಶಾಯನಂತೂ ಇಸ್ರೇಲಿನ ಬೆಳಕೇ ಬೆಂಕಿಯಾಗಿ ಒಂದೇ ದಿನದಲ್ಲಿ ಮುಳ್ಳುಪೊದೆಗಳನ್ನು ತಿನ್ನುವುದನ್ನು ಕಾಣುತ್ತಾನೆ. ಇಲ್ಲೆಲ್ಲ ತೀರ್ಪು ಬರುವುದು ಬೆಳಕಿನ ರೂಪದಲ್ಲಿ.

ಕೃಪೆ ಬರುವುದು ಯಾವ ರೂಪದಲ್ಲಿ? ಎಲೀಯನ ಕತೆಯನ್ನು ನೆನೆಯಿರಿ. ಅರಸ ಅಹಾಬನ ಕಾಲದ ಬರ ಮೂರನೆಯ ವರ್ಷಕ್ಕೆ ಕಾಲಿಟ್ಟಿದೆ. ಕರ್ಮೆಲ್ ಬೆಟ್ಟದ ತುದಿಯಲ್ಲಿ ಪ್ರವಾದಿ ಮೊಣಕಾಲುಗಳ ನಡುವೆ ಮುಖವಿಟ್ಟು ಕೂತಿದ್ದಾನೆ. ಆಳನ್ನು ಸಮುದ್ರದ ಕಡೆ ನೋಡಿ ಬಾ ಎಂದು ಕಳಿಸುತ್ತಾನೆ. ಆರು ಸಲ ಏನೂ ಇಲ್ಲ. ಏಳನೆಯ ಸಲ ಅಂಗೈಯಷ್ಟು ಮೋಡ. ಆಮೇಲೆ ಆಕಾಶವೆಲ್ಲ ಕಪ್ಪಾಗುತ್ತದೆ, ಗಾಳಿ ಏಳುತ್ತದೆ, ಮಳೆ ಹೊಯ್ಯುತ್ತದೆ. ಆ ಕಪ್ಪು ಯಾವ ಪಾಪದ ಗುರುತು? ಗೌರಿಬಿದನೂರಿನ ಯಾವ ರೈತನನ್ನಾದರೂ ಕೇಳಿ, ಮೂಡಲು ಕಪ್ಪಾಯಿತೆಂದರೆ ಅವನ ಮುಖ ಅರಳುತ್ತದೆಯೋ ಬಾಡುತ್ತದೆಯೋ ಎಂದು. ಬರದ ನಾಡಿನಲ್ಲಿ ಬರೆದ ಪುಸ್ತಕವನ್ನು ಬರದ ನಾಡಿನ ಜನ ಎಲ್ಲರಿಗಿಂತ ಚೆನ್ನಾಗಿ ಓದಬೇಕಿತ್ತು. ನಾವು ಅದನ್ನು ಸೂರ್ಯನಿಗಾಗಿ ಹಂಬಲಿಸುವ ಚಳಿದೇಶದವರ ಕಣ್ಣಿನಿಂದ ಓದಿದೆವು. ಅಲ್ಲಿಂದ ಬಂದ ಮಿಷನರಿಗಳು ತಮ್ಮ ವರದಿಗಳಲ್ಲಿ ನಮ್ಮ ಊರುಗಳನ್ನು ಅಂಧಕಾರದ ಸೀಮೆ ಎಂದರು. ಅವರು ಅಕ್ಷರ ಕಲಿಸಿದರು, ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ಕಟ್ಟಿದರು. ಅದರ ಋಣವನ್ನು ನಾನು ಮರೆತಿಲ್ಲ. ಅಂಧಕಾರ ಎಂಬ ಆ ಮಾತನ್ನು ಮಾತ್ರ ಒಪ್ಪುವುದಿಲ್ಲ. ಅವರು ಹೋದ ಮೇಲೂ ನಾವೇ ನಮ್ಮವರ ಮೇಲೆ ಅದನ್ನು ಎಸೆಯುತ್ತಿರುವುದನ್ನು ಇನ್ನೂ ಒಪ್ಪುವುದಿಲ್ಲ.

ಆ ಮನೆಯ ಬೋರ್‌ವೆಲ್ ಬತ್ತಿದ್ದು ಮನೆಯೊಳಗಿನ ಗುಟ್ಟಿನ ಪಾಪದಿಂದಲ್ಲ. ಕೆರೆಗಳಲ್ಲಿ ಹೂಳು ತುಂಬಿದೆ, ರಾಜಕಾಲುವೆಗಳ ಮೇಲೆ ಒತ್ತುವರಿಯಾಗಿದೆ, ಹಣವಿದ್ದವರು ಸಾವಿರ ಅಡಿ ದಾಟಿ ಕೊರೆದು ಹಣವಿಲ್ಲದವರ ಕಾಲಡಿಯ ನೀರನ್ನೂ ಎಳೆದಿದ್ದಾರೆ. ಆಳದಿಂದ ಬಂದ ನೀರಿನ ಫ್ಲೋರೈಡ್ ಮಕ್ಕಳ ಹಲ್ಲು, ಮೂಳೆ ತಿನ್ನುತ್ತಿದೆ. ಇದರಲ್ಲಿ ತೀರ್ಪಿಗೆ ಗುರಿಯಾಗಬೇಕಾದವರು ಯಾರೆಂದು ಆಮೋಸನನ್ನು ಕೇಳಿದರೆ ಅವನು ಆ ಹೆಣ್ಣುಮಗಳ ಕಡೆ ಬೆರಳು ತೋರಿಸುತ್ತಿದ್ದನೇ?

ಇನ್ನು ದೇವರು ಎಲ್ಲಿದ್ದಾನೆ ಎಂಬ ಪ್ರಶ್ನೆ. ದೇವರೆಂದರೆ ಬೆಳಕೇ, ಕತ್ತಲೆಯಲ್ಲಿ ಅವನಿಲ್ಲ ಎನ್ನುವವರು ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯವನ್ನು ಕೊನೆಯವರೆಗೆ ಓದಲಿ. ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳಾದ ಮೇಲೆ ಜನ ಹೆದರಿ ದೂರ ನಿಲ್ಲುತ್ತಾರೆ. ಮೋಶೆಯೊಬ್ಬ ದೇವರಿದ್ದ ಗಾಢ ಕತ್ತಲೆಯ ಕಡೆ ನಡೆಯುತ್ತಾನೆ. ಅಲ್ಲಿನ ಇಬ್ರಿಯ ಪದ ಅರಾಫೆಲ್, ಮೋಡ ಕವಿದ ದಟ್ಟ ಕತ್ತಲೆ. ಸೊಲೊಮೋನ ಯೆರೂಸಲೇಮಿನಲ್ಲಿ ಆಲಯ ಕಟ್ಟಿ ಅರ್ಪಿಸುವಾಗಲೂ ಅದೇ ಪದವೆತ್ತಿ, ಅಂಥ ಕತ್ತಲೆಯಲ್ಲಿ ವಾಸಿಸುವುದಾಗಿ ದೇವರು ಹೇಳಿದ್ದಾನೆಂದು ಸ್ಮರಿಸುತ್ತಾನೆ. ಆಲಯದ ಅತಿ ಪವಿತ್ರ ಒಳಕೋಣೆಗೆ ದೀಪವಿರಲಿಲ್ಲ; ದೀಪಸ್ತಂಭಗಳಿದ್ದದ್ದು ಹೊರಕೋಣೆಯಲ್ಲಿ. ನಂದಿಯ ಭೋಗನಂದೀಶ್ವರನ ಗುಡಿಯಲ್ಲಿ ಬಿಸಿಲಿನ ಅಂಗಳದಿಂದ ಒಳಗೊಳಗೆ ಹೋದಂತೆ ಕತ್ತಲೆ ಗಾಢವಾಗುವುದನ್ನು ಕಂಡ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೀರ್ತನೆಗಾರ ದೇವರ ಸುತ್ತ ಮೋಡವನ್ನೂ ಕತ್ತಲೆಯನ್ನೂ ಕಂಡು, ಅದೇ ಉಸಿರಿನಲ್ಲಿ ನ್ಯಾಯವೇ ಅವನ ಸಿಂಹಾಸನದ ಬುಡ ಎನ್ನುತ್ತಾನೆ. ಕತ್ತಲೆ ಮತ್ತು ನ್ಯಾಯ ಪಕ್ಕಪಕ್ಕದಲ್ಲಿ! ನೂರ ಮೂವತ್ತೊಂಬತ್ತನೆಯ ಕೀರ್ತನೆಯಲ್ಲಂತೂ ದೇವರಿಗೆ ಕತ್ತಲೆಯೂ ಬೆಳಕೂ ಒಂದೇ. ದೇವರೇ ಮಾಡದ ಭೇದವನ್ನು ಮಾಡಲು ನಮಗೆ ಅಧಿಕಾರ ಕೊಟ್ಟವರು ಯಾರು?

ಐಗುಪ್ತದ ಮೂರು ದಿನದ ಕತ್ತಲೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಅದು ಬಿದ್ದದ್ದು ಯಾರ ಮೇಲೆ? ಇಟ್ಟಿಗೆಯ ಲೆಕ್ಕ ಕಡಿಮೆ ಮಾಡದೆ ಹುಲ್ಲು ಕೊಡುವುದನ್ನು ನಿಲ್ಲಿಸಿದ ಯಜಮಾನರ ಮೇಲೆ, ಸೂರ್ಯನನ್ನೇ ತನ್ನ ವಂಶದ ದೇವರೆಂದು ಮೆರೆಸಿದ ಫರೋಹನ ಮೇಲೆ. ದುಡಿಯುವವರ ಮನೆಗಳಲ್ಲಿ ಬೆಳಕಿತ್ತು. ಪಾಳಿಯ ಮೇಲೆ ಪಾಳಿ ದುಡಿಯುವವರ ಮನೆಗೆ ಬಂದು ಐಗುಪ್ತದ ಕತ್ತಲೆಯನ್ನು ಹಂಚುವವರು ಕತೆಯನ್ನು ತಲೆಕೆಳಗು ಮಾಡಿದ್ದಾರೆ. ಕ್ರಿಸ್ಮಸ್ಸಿಗೆ ತಪ್ಪದೆ ಓದುವ ಯೆಶಾಯನ ಒಂಬತ್ತನೆಯ ಅಧ್ಯಾಯವೂ ಅಷ್ಟೇ. ಕತ್ತಲೆಯಲ್ಲಿ ನಡೆಯುತ್ತಿದ್ದ ಆ ಜನ ಜೆಬುಲೋನ್, ನಫ್ತಾಲಿ ಸೀಮೆಯವರು, ಅಶ್ಶೂರದ ಸೇನೆ ತುಳಿದುಹೋದ ಊರುಗಳವರು. ಅವರಿಗೆ ಕಾಣುವ ಬೆಳಕು ಮುರಿದ ನೊಗದ ಬೆಳಕು, ಮುರಿದ ದಂಡಿನ ಕೋಲಿನ ಬೆಳಕು. ನೊಗದ ಮಾತನ್ನು ನುಂಗಿ, ನೀವು ಅಜ್ಞಾನಿಗಳು ಎಂಬ ಅರ್ಥವನ್ನು ಅಲ್ಲಿಗೆ ತುರುಕಿದವರು ನಾವು. ಆದಿಕಾಂಡದಲ್ಲಿ ದೇವರು ಬೆಳಕನ್ನು ಒಳ್ಳೆಯದೆಂದು ಕಂಡ ಎನ್ನುತ್ತೀರಾ? ಕತ್ತಲೆಗೆ ರಾತ್ರಿ ಎಂದು ಹೆಸರಿಟ್ಟು ಜಾಗ ಕೊಟ್ಟವನೂ ಅವನೇ. ಅಲ್ಲಿ ದಿನ ಶುರುವಾಗುವುದು ಸಂಜೆಯಿಂದ. ಇಂದಿಗೂ ಯೆಹೂದ್ಯರ ಸಬ್ಬತ್ತು ಶುಕ್ರವಾರ ಹೊತ್ತು ಮುಳುಗಿದಾಗ ಆರಂಭವಾಗುತ್ತದೆ.

ಕೊನೆಯ ಆರೋಪ ನನಗೆ ಎಲ್ಲಕ್ಕಿಂತ ನೋವಿನದು. ಕತ್ತಲೆಯ ಮೇಲೆ ಹೊರಿಸಿದ ಅಪವಾದ ಕತ್ತಲೆಯಲ್ಲೇ ನಿಲ್ಲುವುದಿಲ್ಲ, ಕಪ್ಪು ಮೈಗೂ ಹತ್ತುತ್ತದೆ. ಪರಮಗೀತದ ಹುಡುಗಿ ತಾನು ಕಪ್ಪು, ತಾನು ಚೆಲುವೆ ಎಂದು ಯೆರೂಸಲೇಮಿನ ಹೆಣ್ಣುಮಕ್ಕಳಿಗೆ ಹೇಳುತ್ತಾಳೆ. ಆ ಎರಡು ಮಾತುಗಳನ್ನು ಜೋಡಿಸುವ ಇಬ್ರಿಯ ಅಕ್ಷರಕ್ಕೆ ‘ಮತ್ತು’ ಎಂಬ ಅರ್ಥವೂ ಇದೆ, ‘ಆದರೆ’ ಎಂಬ ಅರ್ಥವೂ ಇದೆ. ಹಳೆಯ ಗ್ರೀಕ್ ಅನುವಾದ ‘ಮತ್ತು’ ಎಂದಿತು. ಲ್ಯಾಟಿನ್ ಬೈಬಲು, ಅದರ ಬೆನ್ನಿಗೆ 1611ರ ಇಂಗ್ಲಿಷ್ ಬೈಬಲು ‘ಆದರೆ’ ಎಂದವು. ಕಪ್ಪಾಗಿದ್ದೂ ಚೆಲುವಾಗಿರುವುದಕ್ಕೆ ಒಂದು ಕ್ಷಮೆ ಕೇಳಬೇಕು ಎಂಬಂತಾಯಿತು. ಆಕೆ ಕಪ್ಪಾದದ್ದು ಹೇಗೆ? ಅಣ್ಣಂದಿರು ದ್ರಾಕ್ಷಿತೋಟ ಕಾಯಲು ಹಚ್ಚಿದರು, ಬಿಸಿಲು ಸುಟ್ಟಿತು. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳ ಕೆಳಗೆ ಬೆಳಗಿನಿಂದ ಗೊಂಚಲು ಸವರುವ ಹೆಣ್ಣುಮಕ್ಕಳು ಆಕೆಯ ಒಡಹುಟ್ಟಿದವರಲ್ಲವೇ? ಅವರಿಗೆ ಗಂಡು ನೋಡುವಾಗ ಬಣ್ಣದ ಮಾತು ತೆಗೆಯುವ ಮನೆಗಳಲ್ಲೇ ಬೆಳಕಿನ ಮಕ್ಕಳ ಹಾಡು ಕೇಳಿಸುತ್ತದೆ. ಕಣ್ಣಿಲ್ಲದವರ ಪಾಡೂ ಇದೇ. ಕುರುಡನನ್ನು ದಾರಿ ತಪ್ಪಿಸುವವನಿಗೆ ಶಾಪವಿಟ್ಟ ಗ್ರಂಥವನ್ನು ಕೈಯಲ್ಲಿ ಹಿಡಿದು, ಕಣ್ಣು ಮಂಜಾದ ಹುಡುಗನ ಎದುರು ಕತ್ತಲೆ ಎಂದರೆ ತೀರ್ಪು ಎನ್ನುವುದಕ್ಕಿಂತ ದೊಡ್ಡ ದ್ರೋಹ ಯಾವುದಿದೆ?

ಇದು ನಿಲ್ಲಬೇಕು. ಭಾನುವಾರದ ಶಾಲೆಯಲ್ಲಿ ಪಾಪದ ಹೃದಯಕ್ಕೆ ಕಪ್ಪು, ಪುಣ್ಯದ ಹೃದಯಕ್ಕೆ ಬಿಳುಪು ಬಳಿಸುವ ಪಾಠವನ್ನು ಇದೇ ವರ್ಷ ಕೈಬಿಡಿ. ಪ್ರಸಂಗ ಮಾಡುವವರು ಕತ್ತಲೆ ಎಂಬ ಪದವನ್ನು ಬಾಯಿಗೆ ತರುವ ಮುಂಚೆ ಪ್ರವಾದಿ ಆ ಮಾತನ್ನು ಯಾರ ಮುಖಕ್ಕೆ ಹೇಳಿದ ಎಂದು ಹಿಂದಿನ ಹತ್ತು ಸಾಲು ಓದಿ. ಆಮೋಸನ ಎಂಟನೆಯ ಅಧ್ಯಾಯವನ್ನು ಪ್ರಾರ್ಥನಾ ಕೂಟದಿಂದ ಸಂತೆಯ ಬೀದಿಗೆ ಒಯ್ಯಿರಿ, ತಕ್ಕಡಿಯ ಪಕ್ಕದಲ್ಲಿ ನಿಂತು ಓದಿ. ಮೀಕನನ್ನು ವಿದುರಾಶ್ವತ್ಥದ ಸ್ಮಾರಕದ ಎದುರು ಓದಿ. ಬರಗಾಲದ ಪ್ರಾರ್ಥನೆಯಲ್ಲಿ ಆಕಾಶ ಕಪ್ಪಾಗಲಿ ಎಂದು ಬಾಯಿ ಬಿಟ್ಟು ಬೇಡಿಕೊಳ್ಳಿ. ನಮ್ಮ ಸೀಮೆಯ ಜನ ಮನಸ್ಸಿನಲ್ಲಿ ಬೇಡುವುದು ಅದನ್ನೇ.

ಮತ್ತೆ, ಆ ಸಂಜೆ ತಲೆದೂಗಿದ ನಮ್ಮೆಲ್ಲರಿಗೆ ಒಂದು ಮಾತು. ಆ ಮನೆ ಇನ್ನೂ ಅಲ್ಲೇ ಇದೆ. ಆ ತಾಯಿ ಇವತ್ತೂ ಪಾಳಿ ಮುಗಿಸಿ ಕತ್ತಲೆಯಲ್ಲಿ ನಡೆದು ಬರುತ್ತಾರೆ. ಹೋಗೋಣ. ಮೊದಲು ಆಕೆಯ ಕ್ಷಮೆ ಕೇಳೋಣ. ಆಮೇಲೆ ಹುಡುಗನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ.